ಅಪ್‌ಡೇಟ್: ಸ್ಲೀವ್ ಸರ್ಜರಿ ಆದ ಅಕ್ಕನ ಆಸಿಡ್ ಮಾತ್ರೆ ಏನಾಯ್ತು

ದಾವಣಗೆರೆಯಿಂದ ಎಲ್ಲರಿಗೂ ನಮಸ್ಕಾರ. ತೂಕ ಇಳಿಸಲು ಜಠರ ಸಣ್ಣದು ಮಾಡೋ ಸ್ಲೀವ್ ಸರ್ಜರಿ ಆದ ನಮ್ಮಕ್ಕ ವರ್ಷಗಟ್ಟಲೆ ದಿನಾ ಪ್ಯಾಂಟೊಪ್ರಜೋಲ್ (ಹೊಟ್ಟೆಯ ಆಸಿಡ್ ತಗ್ಗಿಸೋ ಮಾತ್ರೆ) ನುಂಗುತ್ತಿದ್ದಾಳೆ, ನಿಲ್ಲಿಸಬಹುದಾ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಸುದ್ದಿ ಇದು.

ಒಮ್ಮೆಲೇ ಬಿಟ್ಟುಬಿಡಿ ಅನ್ನೋ ಸಲಹೆ ಕೈಕೊಟ್ಟಿತು. ಎದೆಯುರಿ ಮೊದಲಿಗಿಂತ ಜಾಸ್ತಿಯಾಯಿತು, ಹುಳಿನೀರು ಗಂಟಲಿಗೆ ಬಂದು ರಾತ್ರಿಯೆಲ್ಲ ದಿಂಬಿಗೆ ಒರಗಿ ಕೂತೇ ಇರುತ್ತಿದ್ದಳು. ಜೀರಿಗೆ ನೀರು, ತಣ್ಣನೆ ಹಾಲು ಕುಡಿದ ಗಳಿಗೆಗಷ್ಟೇ ಹಿತ. ಈ ಮಾತ್ರೆ ತಟ್ಟನೆ ಬಿಟ್ಟರೆ ಕೆಲವು ವಾರ ಆಸಿಡ್ ಜಾಸ್ತಿ ಬರುತ್ತದಂತೆ.

ಕೆಲಸಕ್ಕೆ ಬಂದಿದ್ದು, ಮೊದಲು ಸರ್ಜನ್‌ಗೆ ತೋರಿಸಿ, ಎಂಡೋಸ್ಕೋಪಿ ಮಾಡಿಸಿ, ಬಿ12, ಮೆಗ್ನೀಸಿಯಮ್ ನೋಡಿಸಿ ಅಂತ ಒಬ್ಬ ಮೇಡಂ ಬರೆದ ಮಾತು. ಅವರಿಗೆ ದೊಡ್ಡ ಥ್ಯಾಂಕ್ಸ್. ಅನ್ನನಾಳದಲ್ಲಿ ಹುಣ್ಣಿಲ್ಲ, ಪುಣ್ಯ. ಬಿ12 ಮಾತ್ರ ತೀರಾ ಕಡಿಮೆ, ಕಾಲು ಜುಮ್ಮೆನ್ನೋದು ಅದಕ್ಕೇ ಇರಬಹುದು ಅಂದರು ಡಾಕ್ಟರ್, ಇಂಜೆಕ್ಷನ್ ಶುರುವಾಗಿದೆ. ಆಸಿಡ್ ಮಾತ್ರೆ 40ರಿಂದ 20 ಮಿ.ಗ್ರಾಂಗೆ ಇಳಿದಿದೆ, ತಿಂಡಿಗೆ ಅರ್ಧ ಗಂಟೆ ಮುಂಚೆ. ಪೂರ್ತಿ ಬಿಡೋದು ಸದ್ಯಕ್ಕಿಲ್ಲ. ಸ್ಲೀವ್ ಆದವರಲ್ಲಿ ರಿಫ್ಲಕ್ಸ್ (ಆಸಿಡ್ ಮೇಲಕ್ಕೆ ಬರೋದು) ಸಾಮಾನ್ಯ, ಕೆಲವರಿಗೆ ಈ ಮಾತ್ರೆ ಬೇಕೇ ಬೇಕು.

ಗೊತ್ತೇ ಇರದಿದ್ದ ಸಂಗತಿ ಕ್ಯಾಲ್ಸಿಯಂದು. ಅಕ್ಕ ತಗೊಳ್ಳುತ್ತಿದ್ದದ್ದು ಕ್ಯಾಲ್ಸಿಯಂ ಕಾರ್ಬೊನೇಟ್, ಅದು ಮೈಗೆ ಹತ್ತಲು ಹೊಟ್ಟೆಯಲ್ಲಿ ಆಸಿಡ್ ಬೇಕು, ಪ್ಯಾಂಟೊಪ್ರಜೋಲ್ ಆ ಆಸಿಡ್ಡನ್ನೇ ತಡೆಯುತ್ತದೆ ಅಲ್ವಾ! ಹಾಗಾಗಿ ಈಗ ಕ್ಯಾಲ್ಸಿಯಂ ಸಿಟ್ರೇಟ್ ಕೊಟ್ಟಿದ್ದಾರೆ. ನಿಮ್ಮ ಕ್ಯಾಲ್ಸಿಯಂ ಡಬ್ಬಿಯ ಸಣ್ಣಕ್ಷರ ಒಮ್ಮೆ ಓದಿ.

ತೂಕ ಇಳಿಸಲು ಹೊಟ್ಟೆಯ ಬೈಪಾಸ್ (ಹೃದಯದ್ದಲ್ಲ) ಆದವರ ಲೆಕ್ಕ ಬೇರೆ. ಜಠರಕ್ಕೆ ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣಾಗದಿರಲಿ ಅಂತ ಆಸಿಡ್ ಮಾತ್ರೆ ಕೊಟ್ಟಿರುತ್ತಾರೆ, ಸುಮ್ನೆ ನೀವೇ ನಿಲ್ಲಿಸಬೇಡಿ.

ಸಂಜೆಯ ಮಂಡಕ್ಕಿ ಮೆಣಸಿನಕಾಯಿ ಬಿಟ್ಟಿದ್ದಾಳೆ. ಮುಂದಿನ ರಕ್ತ ಪರೀಕ್ಷೆ ಆದ ಮೇಲೆ ಮತ್ತೆ ಬರೆಯುತ್ತೇನೆ.