ಪದಚರ್ಚೆ: ಮಧುಮೇಹಿಗಳ ಪಾದಪರೀಕ್ಷೆಯಲ್ಲಿ ‘ಜೋಮು’, ‘ಮರಗಟ್ಟು’, ‘ಕಂಪನ’

ಮಾನ್ಯರೇ,

ಸಕ್ಕರೆ ಕಾಯಿಲೆ ಇರುವವರಲ್ಲಿ ನರಗಳ ಹಾನಿಯನ್ನು ಆರಂಭದಲ್ಲೇ ಗುರುತಿಸಲು ಕೇಳುವ ಪ್ರಶ್ನೆಗಳನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಕರಡಿನಲ್ಲಿರುವ ಮೊದಲ ಪ್ರಶ್ನೆ “ನಿಮ್ಮ ಪಾದಗಳಿಗೆ ಜೋಮು ಹಿಡಿಯುತ್ತದೆಯೇ?” ಎಂಬುದು. ಈ ಪದ ಇಲ್ಲಿ ಸಲ್ಲದು ಎಂದು ನನಗೆ ಅನ್ನಿಸುತ್ತಿದೆ.

ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕುಳಿತು ಎದ್ದಾಗ ಹಿಡಿದು, ನಾಲ್ಕು ಹೆಜ್ಜೆ ನಡೆದರೆ ಬಿಟ್ಟುಹೋಗುವುದನ್ನೇ ನಾವು ಸಾಮಾನ್ಯವಾಗಿ ಜೋಮು ಎನ್ನುತ್ತೇವೆ. ಆದ್ದರಿಂದ ಆರೋಗ್ಯವಾಗಿರುವವರೂ ಈ ಪ್ರಶ್ನೆಗೆ ಹೌದು ಎನ್ನಬಹುದು; ಬೆರಳ ತುದಿಯ ಸ್ಪರ್ಶ ಮೆಲ್ಲಮೆಲ್ಲನೆ ಕುಂದುತ್ತಿರುವವರು ಇಲ್ಲ ಎನ್ನಬಹುದು. ‘ಮರಗಟ್ಟು’ ಎಂದರೆ ಅರ್ಥ ಸಮೀಪಕ್ಕೆ ಬರುತ್ತದಾದರೂ, ಅದು ಅರಿವು ಪೂರ್ತಿ ಹೋದ ಸ್ಥಿತಿಯನ್ನು ಸೂಚಿಸುವುದರಿಂದ, ಆರಂಭದ ಹಂತದಲ್ಲಿರುವವರು ತಮಗೆ ಅಷ್ಟೇನೂ ಆಗಿಲ್ಲವೆಂದು ಸುಮ್ಮನಾಗುತ್ತಾರೆ. ‘ನರಕ್ಕೆ ತೊಂದರೆ’ ಎಂದು ಕೇಳುವುದಂತೂ ಬೇಡ. ಆಡುಮಾತಿನಲ್ಲಿ ಕಾಲಿನ ಮೇಲೆ ಉಬ್ಬಿ ಕಾಣುವ ರಕ್ತನಾಳವೂ ನರವೇ.

ಇಷ್ಟು ಸೂಕ್ಷ್ಮವಾಗಿ ನೋಡಬೇಕಾದ ಕಾರಣ ಕಾಯಿಲೆಯ ನಡೆಯಲ್ಲೇ ಇದೆ. ಹಾನಿ ಅತಿ ಉದ್ದದ ನರಗಳ ತುದಿಯಲ್ಲಿ, ಅಂದರೆ ಕಾಲ್ಬೆರಳುಗಳಲ್ಲಿ ಆರಂಭವಾಗಿ, ಎರಡೂ ಪಾದಗಳಲ್ಲಿ ಕಾಲುಚೀಲ ಹಾಕಿದಂತೆ ಮೇಲಕ್ಕೆ ಹಬ್ಬುತ್ತದೆ. ನರಗಳೊಳಗಿನ ಎಳೆಗಳಲ್ಲಿ ನೋವನ್ನೂ ಬಿಸಿ-ತಂಪನ್ನೂ ತಿಳಿಸುವ ಸಣ್ಣ ತಂತುಗಳು ಹೆಚ್ಚಾಗಿ ಮೊದಲು ಕೆಡುವುದರಿಂದ, ಆರಂಭದ ದೂರು ರಾತ್ರಿ ಅಂಗಾಲು ಉರಿಯುವುದೋ ಸೂಜಿ ಚುಚ್ಚಿದಂತಾಗುವುದೋ ಆಗಿರಬಹುದು. ನರಗಳಲ್ಲಿ ವಿದ್ಯುತ್ ಸಂಕೇತ ಎಷ್ಟು ಚೆನ್ನಾಗಿ ಸಾಗುತ್ತದೆಂದು ನೋಡುವ ‘ವಹನ ಪರೀಕ್ಷೆ’ ಅಳೆಯುವುದು ದಪ್ಪ ತಂತುಗಳನ್ನು ಮಾತ್ರ; ಸಣ್ಣ ತಂತುಗಳು ಹಾಳಾಗಿದ್ದರೂ ಅದರ ವರದಿ ಸರಿಯಾಗಿಯೇ ಬರಬಹುದು. ಈ ನರಹಾನಿ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಯಾವ ದೂರೂ ಇರದಿರುವ ಸಾಧ್ಯತೆಯಿದೆ. ಆದ್ದರಿಂದಲೇ ಟೈಪ್ 2 ಮಧುಮೇಹ ಪತ್ತೆಯಾದಾಗಲೇ, ಟೈಪ್ 1 ಆದರೆ ಪತ್ತೆಯಾದ 5 ವರ್ಷಗಳ ನಂತರ, ಮುಂದೆ ಪ್ರತಿವರ್ಷವೂ ಪಾದಗಳನ್ನು ಪರೀಕ್ಷಿಸಬೇಕೆಂಬ ನಿಯಮವಿದೆ.

ಪರೀಕ್ಷೆ ಮಾಡುವಾಗ ಆಡುವ ಮಾತೂ ಅಷ್ಟೇ ಮುಖ್ಯ. 10 ಗ್ರಾಂ ಭಾರದಷ್ಟು ಒತ್ತಿದಾಗ ಬಾಗುವ, ‘10 ಗ್ರಾಂ ಮಾನೋಫಿಲಮೆಂಟ್’ ಎಂಬ ನೈಲಾನ್ ಎಳೆಯನ್ನು, ದಡ್ಡುಗಟ್ಟಿದ ಜಾಗ ಬಿಟ್ಟು, ಅದು ಬಾಗುವವರೆಗೆ ಪಾದಕ್ಕೆ ಒತ್ತಿ ಕ್ಷಣಕಾಲ ಹಿಡಿಯುತ್ತಾರೆ. ರೋಗಿ ಕಣ್ಣು ಮುಚ್ಚಿರಬೇಕು. ಆಗ “ಈಗ ಗೊತ್ತಾಯಿತೇ?” ಎಂದು ಕೇಳಿದರೆ ಹೌದೆನ್ನಲು ನಾವೇ ಸೂಚನೆ ಕೊಟ್ಟಂತಾಗುತ್ತದೆ, “ಮುಟ್ಟಿದ್ದು ತಿಳಿದಾಗಲೆಲ್ಲ ಹೇಳಿ” ಎಂದು ಮೊದಲೇ ತಿಳಿಸಿಡುವುದು ಸರಿ. 128 ಹರ್ಟ್ಸ್ ಟ್ಯೂನಿಂಗ್ ಫೋರ್ಕನ್ನು (ತಟ್ಟಿದರೆ ಸೆಕೆಂಡಿಗೆ 128 ಬಾರಿ ಅದುರುವ ಲೋಹದ ಕವಲುಕಡ್ಡಿ) ಕಾಲಿನ ಹೆಬ್ಬೆರಳ ಮೂಳೆಯ ಮೇಲೆ ಇಟ್ಟಾಗ ‘ಕಂಪನ’ ಎಂಬ ಪುಸ್ತಕದ ಪದ ಎಲ್ಲರಿಗೂ ಹೊಳೆಯುವುದಿಲ್ಲ, “ತಗಲುತ್ತಿದೆಯೇ?” ಎಂದರೆ ಲೋಹದ ತಣ್ಣನೆಯ ಸ್ಪರ್ಶಕ್ಕೇ ಹೌದು ಎಂಬ ಉತ್ತರ ಬರುತ್ತದೆ. “ಅದುರುವುದು ನಿಂತ ಕೂಡಲೇ ಹೇಳಿ” ಎಂಬುದೇ ನನಗೆ ಒಪ್ಪಿಗೆಯಾದ ವಾಕ್ಯ.

ಮೊದಲ ಪ್ರಶ್ನೆಗೆ ಬದಲಾಗಿ, ಲಕ್ಷಣದ ಹೆಸರು ಹೇಳದೆ, ಅನುಭವವನ್ನೇ ಕೇಳುವ ಮೂರು ವಾಕ್ಯಗಳನ್ನು ಬರೆದಿದ್ದೇನೆ: “ಬರಿಗಾಲಿನಲ್ಲಿ ನಡೆಯುವಾಗ ನೆಲ ಮೊದಲಿನಂತೆ ತಿಳಿಯುತ್ತದೆಯೇ? ಕಾಲಿನಿಂದ ಚಪ್ಪಲಿ ಕಳಚಿದ್ದು ಗೊತ್ತಾಗದೆ ಮುಂದೆ ನಡೆದದ್ದುಂಟೇ? ಸ್ನಾನದ ನೀರು ಬಿಸಿಯೋ ತಣ್ಣಗೋ ಎಂಬುದು ಪಾದಕ್ಕೆ ತಿಳಿಯುತ್ತದೆಯೇ?” ಇವುಗಳಲ್ಲಿ ಎರಡನೆಯದು ತಡವಾದ ಹಂತವನ್ನೇ ಹಿಡಿಯುತ್ತದೆಂದು ನನ್ನ ಅನಿಸಿಕೆ, ಆದರೂ ತಪ್ಪು ಅರ್ಥಕ್ಕೆ ಎಡೆ ಕಡಿಮೆಯಿರುವುದರಿಂದ ಉಳಿಸಿಕೊಂಡಿದ್ದೇನೆ.

ನೋವಿಲ್ಲದೆ, ಪೂರ್ತಿ ಮರಗಟ್ಟದೆ, ಸ್ಪರ್ಶ ಮಾತ್ರ ಮಂದವಾಗುವುದಕ್ಕೆ ಉತ್ತರ ಕರ್ನಾಟಕದಲ್ಲಿ, ಕರಾವಳಿಯಲ್ಲಿ, ಮಲೆನಾಡಿನಲ್ಲಿ ಹಿರಿಯರು ಏನೆನ್ನುತ್ತಾರೆ? ಪದವನ್ನು ಬಳಸುವ ಊರು ಮತ್ತು ಒಂದು ಪೂರ್ಣ ವಾಕ್ಯದ ಸಹಿತ ತಿಳಿಸಿದರೆ, ಆಯಾ ಭಾಗದ ಆರೋಗ್ಯ ಕಾರ್ಯಕರ್ತೆಯರು ಕೇಳುವ ಪ್ರಶ್ನೆಯಲ್ಲಿ ಅದನ್ನೇ ಸೇರಿಸಬಹುದು.