ಘಾಟಿಗೂ ಟ್ರ್ಯಾಕ್‌ಗೂ ಒಂದೇ ಬ್ರೇಕ್ ಪ್ಯಾಡ್ ನಡೆಯುತ್ತಾ? ಅನುಭವ ಇದ್ದವರು ಹೇಳಿ

ಕೇಳಿದವರು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನನ್ನದು 1.2 ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ವಾರವೆಲ್ಲ ಊರೊಳಗಿನ ಟ್ರಾಫಿಕ್. ರಜೆ ಸಿಕ್ಕರೆ ಸಕಲೇಶಪುರ, ಚಾರ್ಮಾಡಿ ಕಡೆ ಸ್ವಲ್ಪ ಜೋರಾಗಿಯೇ ಓಡಿಸುತ್ತೇನೆ. ಹಿಂದಿನ ಸಲ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ಕೆಲವು ಸುತ್ತು ಆಗುತ್ತಿದ್ದ ಹಾಗೆ ಬ್ರೇಕ್ ಹಿಡಿಯುವುದೇ ಕಮ್ಮಿಯಾಯ್ತು. ಈಗ ಚೆನ್ನೈ ಹತ್ತಿರ ಇರುಂಗಾಟುಕೋಟೆಯಲ್ಲಿ ಟ್ರ್ಯಾಕ್ ಡೇಗೆ, ಅಂದರೆ ನಮ್ಮ ಕಾರನ್ನೇ ರೇಸ್ ಟ್ರ್ಯಾಕ್‌ನಲ್ಲಿ ಓಡಿಸಲು ಬಿಡುವ ದಿನಕ್ಕೆ, ಹೆಸರು ಕೊಟ್ಟಿದ್ದೇನೆ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಈಗ ಕಾರಿನ ಜೊತೆ ಬಂದ ಕಂಪನಿಯದೇ ಇದೆ. ಅದನ್ನು ತೆಗೆದು ನೇರವಾಗಿ ರೇಸ್ ಪ್ಯಾಡ್ ಹಾಕಿಸಲಾ? ಅದೇ ಕಾರಿನಲ್ಲಿ ಹೋಗಿ ಅದೇ ಕಾರಿನಲ್ಲಿ ವಾಪಸ್ ಬರಬೇಕು.

ಮೈಸೂರಿನಿಂದ

ಪ್ಯಾಡ್ ಕೊಳ್ಳುವ ಮೊದಲು ಒಂದು ವಿಷಯ ಹೇಳಿ. ಬ್ರೇಕ್ ಕಮ್ಮಿಯಾದಾಗ ಪೆಡಲ್ ಹೇಗಿತ್ತು? ಗಟ್ಟಿಯಾಗಿಯೇ ಇದ್ದು, ಎಷ್ಟು ಒತ್ತಿದರೂ ಗಾಡಿ ಹಿಡಿತಕ್ಕೆ ಬರಲಿಲ್ಲ ಅಂದರೆ ಸೋತಿದ್ದು ಪ್ಯಾಡ್. ಪೆಡಲ್ ಮೆತ್ತಗಾಗಿ ಕೆಳಕ್ಕೆ ಇಳಿಯಿತು ಅಂದರೆ ಬ್ರೇಕ್ ಆಯಿಲ್ ಕುದಿದಿದೆ. ಆಯಿಲ್‌ನಲ್ಲಿ ಆವಿಯ ಗುಳ್ಳೆ ಬಂದರೆ ನಿಮ್ಮ ಕಾಲಿನ ಒತ್ತಡ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ವರೆಗೆ ಹೋಗುವುದೇ ಇಲ್ಲ. ಹಾಗಾಗಿದ್ದರೆ ಎಂಥ ದುಬಾರಿ ಪ್ಯಾಡ್ ಹಾಕಿಸಿದರೂ ದುಡ್ಡು ದಂಡ.

ಎಷ್ಟು ಬಿಸಿ ಅಂತ ಒಂದು ಲೆಕ್ಕ ಕೊಡುತ್ತೇನೆ. ಜನ ಸೇರಿ 1,200 ಕಿಲೊ ತೂಗುವ ಕಾರನ್ನು ಗಂಟೆಗೆ 140 ಕಿ.ಮೀ.ನಿಂದ 60ಕ್ಕೆ ಇಳಿಸಿದರೆ ಸುಮಾರು 740 ಕಿಲೊಜೂಲ್ ಶಕ್ತಿ ಬಿಸಿಯಾಗಿ ಬದಲಾಗುತ್ತೆ. ಎರಡು ಲೀಟರ್ ತಣ್ಣೀರು ಕುದಿಬರುವಷ್ಟು ಬಿಸಿ ಅದು. ಅದೂ ಕೆಲವೇ ಸೆಕೆಂಡಿನಲ್ಲಿ, ಬಹುಪಾಲು ಮುಂದಿನ ಎರಡು ಡಿಸ್ಕ್ ಮೇಲೆ. ಇರುಂಗಾಟುಕೋಟೆ ಟ್ರ್ಯಾಕ್ 3.7 ಕಿ.ಮೀ., ಕರಿ 2.1 ಕಿ.ಮೀ. ದೊಡ್ಡ ಟ್ರ್ಯಾಕ್‌ನಲ್ಲಿ ಸ್ಪೀಡ್ ಜಾಸ್ತಿ ಸಿಗುತ್ತೆ, ಸ್ಪೀಡ್ ಒಂದೂವರೆ ಪಟ್ಟಾದರೆ ಬಿಸಿ ಎರಡೂಕಾಲು ಪಟ್ಟು. ಕರಿಯಲ್ಲಿ ಸೋತ ಬ್ರೇಕ್ ಅಲ್ಲಿ ಇನ್ನೂ ಬೇಗ ಸೋಲುತ್ತೆ.

ಹಾಗಾಗಿ ಮೊದಲ ಖರ್ಚು ಆಯಿಲ್ ಮೇಲೆ ಮಾಡಿ. ಡಾಟ್ ಅನ್ನುವುದು ಬ್ರೇಕ್ ಆಯಿಲ್‌ನ ದರ್ಜೆ. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು, ಡಾಟ್ 4 ಆದರೆ 230. ಆದರೆ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಶೇ. 3.7ರಷ್ಟು ನೀರು ಸೇರಿದ ಡಾಟ್ 4ಕ್ಕೆ ನಿಯಮ ಕೇಳುವುದು 155 ಡಿಗ್ರಿ ಮಾತ್ರ. ಮಳೆಗಾಲ ಕಳೆದ ಹಳೇ ಆಯಿಲ್ ಇಟ್ಟುಕೊಂಡು ಟ್ರ್ಯಾಕ್‌ಗೆ ಇಳಿಯುವುದು ಸರಿಯಲ್ಲ. ಮೋಟುಲ್ ಆರ್‌ಬಿಎಫ್ 600 ಥರದ ರೇಸ್ ಆಯಿಲ್ ಹೊಸದಾಗಿದ್ದಾಗ 312 ಡಿಗ್ರಿವರೆಗೆ ತಡೆಯುತ್ತೆ. ಹಳೆಯದನ್ನು ಪೂರ್ತಿ ತೆಗೆದು, ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿಸಿ, ಅಂದರೆ ಪೈಪಿನೊಳಗಿನ ಗಾಳಿ ಹೊರಗೆ ತೆಗೆಸಿ. ಡಾಟ್ 5 ಮಾತ್ರ ಬೇಡ. ಅದು ಸಿಲಿಕೋನ್, ನಿಮ್ಮ ಆಯಿಲ್ ಜೊತೆ ಬೆರೆಯುವುದಿಲ್ಲ. ಡಾಟ್ 5.1 ಬೇರೆ, ಅದು ಹಾಕಬಹುದು.

ಇನ್ನು ಪ್ಯಾಡ್. ರಸ್ತೆ ಮತ್ತು ಟ್ರ್ಯಾಕ್ ಎರಡಕ್ಕೂ ಅಂತ ಬರುವ ಮಧ್ಯದ ದರ್ಜೆಯದ್ದು ತಗೊಳ್ಳಿ. ಇಬಿಸಿಯ ಯೆಲ್ಲೋಸ್ಟಫ್, ಫೆರೋಡೊದ ಡಿಎಸ್2500 ಈ ಸಾಲಿಗೆ ಬರುತ್ತವೆ. ಧೂಳು ಜಾಸ್ತಿ, ಸಿಗ್ನಲ್‌ನಲ್ಲಿ ನಿಲ್ಲಿಸುವಾಗ ಕಿರ್ ಅನ್ನುತ್ತೆ, ಡಿಸ್ಕ್ ಕೂಡ ಸ್ವಲ್ಪ ಬೇಗ ಸವೆಯುತ್ತೆ. ಇದನ್ನೆಲ್ಲ ಒಪ್ಪಿಕೊಂಡೇ ಹಾಕಿಸಬೇಕು. ಡಿಎಸ್1.11 ಥರದ ಪೂರ್ತಿ ರೇಸ್ ಪ್ಯಾಡ್ ನಿಮಗೆ ಬೇಡ.

ಮೂಡಿಗೆರೆಯಿಂದ

ನಾನು ಟ್ರ್ಯಾಕ್ ನೋಡಿದವಳಲ್ಲ. ಚಾರ್ಮಾಡಿ ಮಾತ್ರ ವರ್ಷವಿಡೀ ಇಳಿದು ಹತ್ತುವವಳು. ಅಲ್ಲಿಯ ವಿಷಯ ಬಂದಿದ್ದಕ್ಕೆ ಹೇಳುತ್ತಿದ್ದೇನೆ.

ಘಾಟಿಯಲ್ಲಿ ಬೇಕಾಗುವುದು ತಣ್ಣಗಿದ್ದಾಗಲೂ ಮೊದಲ ಒತ್ತಿಗೇ ಹಿಡಿಯುವ ಬ್ರೇಕ್. ಜುಲೈ ತಿಂಗಳಲ್ಲಿ ಕೊಟ್ಟಿಗೆಹಾರ ದಾಟಿದ ಮೇಲೆ ಎದುರಿನ ಬಸ್ಸಿನ ದೀಪವೂ ಸರಿಯಾಗಿ ಕಾಣದ ಮಂಜು. ಡಿಸ್ಕ್ ಮೇಲೆ ನೀರು. ತಿರುವಿನಾಚೆ ಮಣ್ಣು ಕುಸಿದಿದೆಯೋ, ದನ ನಿಂತಿದೆಯೋ ಗೊತ್ತಾಗುವುದಿಲ್ಲ. ಅಂಥ ಕಡೆ ಬಿಸಿಯಾದ ಮೇಲಷ್ಟೇ ಕೆಲಸ ಮಾಡುವ ರೇಸ್ ಪ್ಯಾಡ್ ಹಾಕಿಕೊಂಡು ಬಂದರೆ ಮೊದಲ ಬ್ರೇಕಿಗೆ ಗಾಡಿ ಮುಂದಕ್ಕೇ ಹೋಗುತ್ತೆ. ಮೈಸೂರಿನವರು ಬೇಡ ಅಂದಿದ್ದು ಸರಿ. ನನ್ನ ಕೇಳಿದರೆ, ಘಾಟಿಗೆ ಕಂಪನಿ ಪ್ಯಾಡೇ ಸಾಕು.

ಇಳಿಯುವಾಗ ಬ್ರೇಕ್ ಬಿಸಿಯಾಗುವುದಕ್ಕೆ ಮುಖ್ಯ ಕಾರಣ ಕಾಲನ್ನು ಪೆಡಲ್ ಮೇಲೆ ಇಟ್ಟುಕೊಂಡೇ ಇಳಿಯುವುದು. ಎರಡನೇ ಗೇರಿಗೆ ಹಾಕಿ, ಎಂಜಿನ್ ಹಿಡಿತದಲ್ಲಿ ಬಿಡಿ. ಸ್ಪೀಡ್ ಏರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಡಿ. ಆ ಬಿಟ್ಟ ಹೊತ್ತಿನಲ್ಲೇ ಡಿಸ್ಕ್ ತಣ್ಣಗಾಗುವುದು. ಮತ್ತೆ, "ಜೋರಾಗಿಯೇ ಓಡಿಸುತ್ತೇನೆ" ಅಂದಿರಿ. ಆ ರಸ್ತೆಯಲ್ಲಿ ನಮ್ಮ ಮಕ್ಕಳ ಶಾಲೆ ಗಾಡಿಯೂ ಬರುತ್ತೆ. ದಯವಿಟ್ಟು ಆ ಜೋರನ್ನು ಟ್ರ್ಯಾಕ್‌ಗೇ ಇಟ್ಟುಕೊಳ್ಳಿ.

ಹುಬ್ಬಳ್ಳಿಯಿಂದ, ಗ್ಯಾರೇಜ್ ಇಟ್ಟುಕೊಂಡವರು

ಸರ್, ಹೊಸ ಪ್ಯಾಡ್ ತರುವ ಮೊದಲು ಹಳೇ ಪ್ಯಾಡ್ ಬಿಚ್ಚಿಸಿ ಕೈಯಲ್ಲಿ ಹಿಡಿದು ನೋಡಿ. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಜಾಸ್ತಿ ಸವೆದಿದ್ದರೆ ಕ್ಯಾಲಿಪರ್ ಪಿನ್ ಹಿಡಿದುಕೊಂಡಿದೆ ಅಂತ ಅನುಮಾನ ಪಡಬೇಕು. ಪಿನ್ ಜಾರದಿದ್ದರೆ ಬ್ರೇಕ್ ಬಿಟ್ಟ ಮೇಲೂ ಪ್ಯಾಡ್ ಉಜ್ಜುತ್ತಲೇ ಇರುತ್ತೆ, ಸುಮ್ನೆ ಬಿಸಿ. ಪಿನ್ ತೊಳೆದು ಸಿಲಿಕೋನ್ ಗ್ರೀಸ್ ಹಚ್ಚಿದರೆ ಸರಿಹೋಗುತ್ತೆ. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಮತ್ತೆ ಹಿಡಿಯುತ್ತೆ.

ಪ್ಯಾಡ್ ಮುಖ ಕನ್ನಡಿ ಹಾಗೆ ಹೊಳೆಯುತ್ತಿದೆಯಾ? ಅಂಚು ಬೆಳ್ಳಗಾಗಿ ಉಗುರಿಗೆ ಪುಡಿಪುಡಿಯಾಗುತ್ತಾ? ಹಾಗಿದ್ದರೆ ಅದು ತಡೆಯುವುದಕ್ಕಿಂತ ಜಾಸ್ತಿ ಬಿಸಿ ಕಂಡಿದೆ. ಡಿಸ್ಕ್ ಅಂಚಿನಲ್ಲೋ ನಡುವಿನ ಭಾಗದಲ್ಲೋ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಅಚ್ಚೊತ್ತಿರುತ್ತಾರೆ. ಅಳತೆ ಮಾಡಿಸಿ. ಆ ಗೆರೆ ಹತ್ತಿರ ಬಂದ ಡಿಸ್ಕ್ ಟ್ರ್ಯಾಕ್‌ಗೆ ಒಯ್ಯಬೇಡಿ, ತೆಳು ಡಿಸ್ಕ್ ಬೇಗ ಕಾಯುತ್ತೆ.

ಕೆಲವು ಪ್ಯಾಡ್‌ಗಳ ಅಂಚಿನಲ್ಲಿ ಉದ್ದನೆಯ ನಂಬರ್ ಕೊನೆಗೆ ಎಫ್‌ಎಫ್, ಜಿಜಿ ಅಂತ ಎರಡು ಅಕ್ಷರ ಇರುತ್ತೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿ ಹಿಡಿತ, ಎರಡನೆಯದು ಜಾಸ್ತಿ ಬಿಸಿಯಲ್ಲಿ. ಘರ್ಷಣೆಯ ಅಳತೆಯಲ್ಲಿ ಇ ಅಂದರೆ 0.25ರಿಂದ 0.35, ಎಫ್ 0.35ರಿಂದ 0.45, ಜಿ 0.45ರಿಂದ 0.55. ಎಫ್‌ಇ ಇದ್ದರೆ ಬಿಸಿಯಾದಾಗ ಹಿಡಿತ ಬೀಳುತ್ತೆ ಅಂತ ಅರ್ಥ. ಆದರೆ ಆ ಪರೀಕ್ಷೆ ನಡೆಯುವುದು ಸುಮಾರು 340 ಡಿಗ್ರಿವರೆಗೆ ಮಾತ್ರ. ಟ್ರ್ಯಾಕ್‌ನಲ್ಲಿ ಡಿಸ್ಕ್ ಅದನ್ನು ದಾಟುತ್ತೆ. ಅಕ್ಷರ ನೋಡಿ ಕೆಟ್ಟದ್ದನ್ನು ಬಿಡಬಹುದು, ಟ್ರ್ಯಾಕ್‌ಗೆ ಒಳ್ಳೇದನ್ನು ಆರಿಸಲು ಆಗುವುದಿಲ್ಲ.

ಹಿಂದಿನ ಡ್ರಮ್ ಸ್ವಚ್ಛ ಮಾಡಿಸಿ, ಅದರೊಳಗೆ ಒತ್ತುವ ಶೂ ಅಡ್ಜಸ್ಟ್ ಮಾಡಿಸಿ. ಅಷ್ಟು ಸಾಕು.

ಕೇಳಿದವರು

ತುಂಬಾ ಉಪಕಾರ ಆಯ್ತು. ಮೂಡಿಗೆರೆಯ ಅಕ್ಕ ಹೇಳಿದ್ದು ಮನಸ್ಸಿಗೆ ತಟ್ಟಿತು. ಮೈಸೂರಿನ ಸರ್, ಪೆಡಲ್ ಓಡಿಸುವಾಗ ಗಟ್ಟಿಯಾಗಿಯೇ ಇತ್ತು, ಸುಟ್ಟ ವಾಸನೆ ಬರುತ್ತಿತ್ತು. ಪಿಟ್‌ಗೆ ಬಂದು ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಒತ್ತಿದರೆ ಮೆತ್ತಗಾಗಿತ್ತು. ಇದು ಯಾವುದು? ಮತ್ತೆ, ಎರಡು ಸೆಟ್ ಇಟ್ಟುಕೊಂಡು ಅಲ್ಲೇ ಬದಲಾಯಿಸಬಹುದಾ?

ಮೈಸೂರಿನಿಂದ

ಎರಡೂ ಆಗಿದೆ. ಓಡುವಾಗ ಪ್ಯಾಡ್ ಸೋತಿದೆ. ನಿಲ್ಲಿಸಿದ ಮೇಲೆ ಗಾಳಿ ಇಲ್ಲದೆ ಡಿಸ್ಕಿನ ಬಿಸಿ ಪ್ಯಾಡ್ ದಾಟಿ ಕ್ಯಾಲಿಪರ್ ಒಳಗಿನ ಆಯಿಲ್‌ಗೆ ಇಳಿದಿದೆ. ಕೊನೆಯ ಸುತ್ತನ್ನು ಬ್ರೇಕ್ ಆದಷ್ಟು ಮುಟ್ಟದೆ ನಿಧಾನವಾಗಿ ಓಡಿಸಿ. ಒಳಗೆ ಬಂದ ಮೇಲೂ ಪೆಡಲ್ ಒತ್ತಿ ಹಿಡಿಯಬೇಡಿ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಮೊದಲ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಎರಡು ಸೆಟ್ ಇಡುವುದು ಒಳ್ಳೆಯ ದಾರಿ. ಮೂಡಿಗೆರೆಯವರ ಮಾತು ಕೇಳಿದ ಮೇಲೆ ನಾನೂ ಅದನ್ನೇ ಹೇಳುತ್ತೇನೆ. ರಸ್ತೆಗೆ ಕಂಪನಿ ಪ್ಯಾಡ್, ಟ್ರ್ಯಾಕ್‌ಗೆ ಮಧ್ಯದ ದರ್ಜೆಯದ್ದು. ಆದರೆ ಹೊಸ ಪ್ಯಾಡನ್ನು ಟ್ರ್ಯಾಕ್‌ನಲ್ಲೇ ಮೊದಲ ಸಲ ಹಾಕಬೇಡಿ. ಹೊಸ ಪ್ಯಾಡ್‌ನ ಅಂಟು ಮೊದಲ ಬಿಸಿಗೆ ಅನಿಲ ಬಿಡುತ್ತೆ, ಹಿಡಿತ ಏಕಾಏಕಿ ಹೋಗಬಹುದು. ಒಂದು ವಾರ ಮುಂಚೆ ಹಾಕಿಸಿ, ಹಿಂದೆ ಗಾಡಿ ಇಲ್ಲದ ನೇರ ರಸ್ತೆಯಲ್ಲಿ ಬೆಳಗಿನ ಜಾವ 80ರಿಂದ 20ಕ್ಕೆ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ. ಆಮೇಲೆ ಹತ್ತು ನಿಮಿಷ ಬ್ರೇಕ್ ಹಾಕದೆ ಓಡಿಸಿ ತಣ್ಣಗಾಗಲು ಬಿಡಿ. ಪೆಟ್ಟಿಗೆ ಮೇಲೆ ಕಂಪನಿಯವರು ಬೇರೆ ಕ್ರಮ ಬರೆದಿದ್ದರೆ ಅದನ್ನೇ ಅನುಸರಿಸಿ. ಒಂದು ಪ್ಯಾಡ್ ಡಿಸ್ಕ್ ಮೇಲೆ ಬಿಟ್ಟ ಪದರ ಇನ್ನೊಂದಕ್ಕೆ ಹೊಂದುವುದಿಲ್ಲ, ಹಾಗಾಗಿ ಬದಲಾಯಿಸಿದಾಗಲೆಲ್ಲ ಮೊದಲ ಕೆಲವು ಬ್ರೇಕ್ ಮೆಲ್ಲಗೆ ಹಾಕಿ.

ಅರ್ಧಕ್ಕಿಂತ ಸವೆದ ಪ್ಯಾಡ್‌ನಲ್ಲಿ ಟ್ರ್ಯಾಕ್‌ಗೆ ಇಳಿಯಬೇಡಿ. ತೆಳು ಪ್ಯಾಡ್ ಬಿಸಿಯನ್ನು ಆಯಿಲ್‌ಗೆ ಬೇಗ ದಾಟಿಸುತ್ತೆ. ಸಂಜೆ ಪ್ಯಾಡ್ ಬದಲಾಯಿಸುವಾಗ ಡಿಸ್ಕ್ ಪೂರ್ತಿ ಆರಿದ ಮೇಲೆಯೇ ಚಕ್ರ ಬಿಚ್ಚಿ. ದಪ್ಪ ಪ್ಯಾಡಿಗೆ ಜಾಗ ಮಾಡಲು ಕ್ಯಾಲಿಪರ್ ಪಿಸ್ಟನ್ ಹಿಂದಕ್ಕೆ ತಳ್ಳುವಾಗ ಆಯಿಲ್ ಡಬ್ಬಿ ತುಂಬಿ ಚೆಲ್ಲದ ಹಾಗೆ ನೋಡಿಕೊಳ್ಳಿ, ಅದು ಬಣ್ಣ ತಿನ್ನುತ್ತೆ. ಹೊರಡುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೂ ನಿಂತಲ್ಲೇ ಒತ್ತಿ, ಆಮೇಲೆ ಗೇರ್ ಹಾಕಿ.