ಕಡಲಿಲ್ಲದ ನಾಡಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ನಾಲ್ಕು ದಿನ ಆಯಿತು. ಮಧ್ಯ ಏಷ್ಯಾದ ಐದು ದೇಶಗಳ ಬಗ್ಗೆ ಕಾಲೇಜು ಹುಡುಗರಿಗೆ ಅಂತ ಒಂದು ಪುಸ್ತಿಕೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಜಕಸ್ತಾನ, ಉಜ್ಬೇಕಿಸ್ತಾನ, ಕಿರ್ಗಿಸ್ತಾನ, ತಜಿಕಿಸ್ತಾನ, ತುರ್ಕ್‌ಮೆನಿಸ್ತಾನ. ಅಕ್ಕಪಕ್ಕದ ಈ ಐದೂ ದೇಶಗಳು ನೀರು, ಕರೆಂಟು, ದಾರಿ ಹಂಚಿಕೊಂಡು ಹೇಗೆ ಬದುಕುತ್ತಿವೆ, ಎಲ್ಲಿ ಜಗಳ ಆಡಿವೆ ಅನ್ನೋದು ಅದರಲ್ಲಿದೆ. ಮೊದಲ ಪುಟದಲ್ಲೇ ‘ಲ್ಯಾಂಡ್‌ಲಾಕ್ಡ್’ ಬಂತು, ಅಂದರೆ ಸುತ್ತಲೂ ನೆಲವೇ ಇದ್ದು ಬೀಗ ಹಾಕಿದಂತಿರುವ ದೇಶ. ಅಲ್ಲೇ ನಿಂತೆ.

‘ಭೂಆವೃತ’ ಅಂತ ಬರೆಯುವವರಿದ್ದಾರೆ. ನನಗದು ಒಗ್ಗುವುದಿಲ್ಲ. ಹಿಮಾವೃತ ಬೆಟ್ಟ ಅಂದರೆ ಹಿಮ ಮುಚ್ಚಿದ ಬೆಟ್ಟ, ಅಲ್ವಾ? ಹಾಗಾದರೆ ಭೂಆವೃತ ದೇಶ ಅಂದರೆ ಮಣ್ಣಿನಲ್ಲಿ ಹೂತುಹೋದ ದೇಶ ಅನ್ನೋ ಹಾಗೆ ಕಿವಿಗೆ ಬೀಳುತ್ತದೆ. ಸಂಧಿ ಸರಿಯಾಗಿ ಮಾಡಲು ಹೋದರೆ ‘ಭ್ವಾವೃತ’ ಆಗುತ್ತದೆ. ಅದನ್ನು ತರಗತಿಯಲ್ಲಿ ಮೂರು ಸಲ ಜೋರಾಗಿ ಹೇಳಿ ನೋಡಿ, ನಿಮಗೇ ಗೊತ್ತಾಗುತ್ತದೆ. ನೇಪಾಳಿಯಲ್ಲಿ ‘ಭೂಪರಿವೇಷ್ಠಿತ’ ಅನ್ನುತ್ತಾರೆ. ಅವರಿಗೆ ದಿನಾ ಬೇಕಾಗುವ ಪದ, ಬಾಯಿಗೆ ರೂಢಿಯಾಗಿದೆ. ನಮ್ಮ ಹುಡುಗರಿಗೆ ಅದು ಕಬ್ಬಿಣದ ಕಡಲೆ.

ಸರಿ, ಕಾನೂನು ಏನನ್ನುತ್ತದೆ ಅಂತ ನೋಡಿದೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 124ನೇ ವಿಧಿಯಲ್ಲಿ ಅರ್ಥ ಸಲೀಸಾಗಿದೆ: ಕಡಲತೀರ ಇಲ್ಲದ ದೇಶ. ಅಷ್ಟೇ. ಬೀಗವೂ ಇಲ್ಲ, ಬಂಧನವೂ ಇಲ್ಲ. ‘ಕಡಲಿಲ್ಲದ ನಾಡು’ ಅಂತ ಬರೆದು ಸಮಾಧಾನವಾಗಿ ಊಟಕ್ಕೆ ಎದ್ದೆ.

ಮಾರನೇ ದಿನ ಆ ಸಮಾಧಾನವೂ ಹೋಯಿತು. ಯಾಕಂದರೆ ಪುಸ್ತಿಕೆಯಲ್ಲಿ ಮುಂದೆ ಹೀಗೆ ಬರುತ್ತದೆ: 2025ರ ಆಗಸ್ಟಿನಲ್ಲಿ ಇಂಥ ದೇಶಗಳ ಬಗ್ಗೆ ವಿಶ್ವಸಂಸ್ಥೆಯ ಮೂರನೇ ಸಮ್ಮೇಳನ ತುರ್ಕ್‌ಮೆನಿಸ್ತಾನದ ಅವಾಜಾದಲ್ಲಿ ನಡೆಯಿತು. ಅವಾಜಾ ಎಲ್ಲಿದೆ? ಕ್ಯಾಸ್ಪಿಯನ್ ಸಮುದ್ರದ ದಂಡೆಯ ಮೇಲೆ! ಸಾಲು ಹೋಟೆಲುಗಳು, ಮರಳ ತೀರ, ಜನ ಈಜಲು ಬರುವ ಊರು. ‘ಕಡಲಿಲ್ಲದ ನಾಡುಗಳ ಸಮ್ಮೇಳನ ಕಡಲ ತೀರದಲ್ಲಿ’ ಅಂತ ಬರೆದರೆ ಯಾವ ಹುಡುಗ ಬಿಡುತ್ತಾನೆ? ಕಜಕಸ್ತಾನಕ್ಕೂ ಅದೇ ನೀರಿನ ಮೇಲೆ ಅಕ್ತಾವ್ ಅನ್ನೋ ಬಂದರಿದೆ. ಹೆಸರಿಗೆ ಸಮುದ್ರವಾದರೂ ಕ್ಯಾಸ್ಪಿಯನ್ ಯಾವ ಸಾಗರಕ್ಕೂ ತಾನಾಗಿ ಸೇರುವುದಿಲ್ಲ. ಅದು ಸಮುದ್ರವೋ ಸರೋವರವೋ ಅಂತ ಅದರ ದಂಡೆಯಲ್ಲಿರುವ, ರಷ್ಯಾ, ಇರಾನ್ ಕೂಡ ಸೇರಿದ ಐದು ದೇಶಗಳು ಇಪ್ಪತ್ತು ವರ್ಷಕ್ಕೂ ಜಾಸ್ತಿ ವಾದ ಮಾಡಿ, ಕೊನೆಗೆ 2018ರಲ್ಲಿ ಅಕ್ತಾವ್‌ನಲ್ಲೇ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಪದದ ಜಗಳ ನಮ್ಮದು ಮಾತ್ರ ಅಲ್ಲ, ಅಲ್ಲಿ ಎಣ್ಣೆಯ ಪಾಲೂ ಅದರ ಮೇಲೇ ನಿಂತಿತ್ತು.

ಇನ್ನೊಂದು ತಮಾಷೆ. ಅಲ್ಲಿನ ಎರಡು ದೊಡ್ಡ ನದಿಗಳು ಅಮು ದರಿಯಾ ಮತ್ತು ಸಿರ್ ದರಿಯಾ. ಪಾರ್ಸಿಯ ‘ದರಿಯಾ’ಗೆ ಇರಾನಿನಲ್ಲಿ ಕಡಲು ಅಂತ ಅರ್ಥ. ಮಧ್ಯ ಏಷ್ಯಾದ ಕಡೆ ನದಿ ಅಂತ. ಕಡಲಿಲ್ಲದ ಜನ ಕಡಲಿನ ಹೆಸರನ್ನು ನದಿಗೆ ಕೊಟ್ಟುಬಿಟ್ಟರೋ ಏನೋ! ನಾವೇನೂ ನಗಬೇಕಿಲ್ಲ ಬಿಡಿ. ಶ್ರೀರಂಗಪಟ್ಟಣದ ದರಿಯಾ ದೌಲತ್ ‘ಕಡಲಿನ ಸಿರಿ’ ಅಂತ ಹೆಸರಿಟ್ಟುಕೊಂಡು ಕಾವೇರಿ ದಡದಲ್ಲಿ ಕೂತಿದೆ. ‘ಬಂದರು’ ಕೂಡ ಅದೇ ಪಾರ್ಸಿಯಿಂದ ಬಂದದ್ದು. ಉಜ್ಬೇಕಿಸ್ತಾನದ ರಾಜಧಾನಿ ತಾಷ್ಕೆಂಟಿನ ಸರಕು ಕಡಲು ಸೇರುವ ದಾರಿಗಳಲ್ಲಿ ಒಂದು ಇರಾನಿನ ಬಂದರ್ ಅಬ್ಬಾಸ್‌ಗೆ ಹೋಗುತ್ತದೆ.

ಆ ದಾರಿ ನೋಡುವಾಗಲೇ ನನಗೆ ನಮ್ಮ ಹೊಲ ನೆನಪಾಯಿತು. ಅಪ್ಪನಿಗೆ ಎರಡು ಎಕರೆ ಇತ್ತು, ನಾಲ್ಕೂ ಕಡೆ ಬೇರೆಯವರ ಜಮೀನು. ಮಣ್ಣು ಚೆನ್ನಾಗಿತ್ತು, ಬೋರಿನಲ್ಲಿ ನೀರೂ ಇತ್ತು. ದಾರಿ ಮಾತ್ರ ಇರಲಿಲ್ಲ. ನಮ್ಮ ಕಡಲೆ ಒಣಗಿ ನಿಂತಿದ್ದರೂ ಮುಂದಿನ ಹೊಲದವರು ಜೋಳ ಕೊಯ್ಯುವ ತನಕ ಟ್ರ್ಯಾಕ್ಟರ್ ಒಳಗೆ ಬರುವಂತಿರಲಿಲ್ಲ. ಒಂದು ವರ್ಷ ಅವರಿಗೂ ನಮಗೂ ಬದುವಿನ ಮರದ ಬಗ್ಗೆ ಮಾತು ಬಂದು, ಮೂಟೆಗಳನ್ನೆಲ್ಲ ತಲೆ ಮೇಲೆ ಹೊತ್ತು ಬದುವಿನ ಮೇಲೆ ಸಾಗಿಸಿದೆವು. ಆಗ ಅಪ್ಪ ಕಲಿಸಿದ ಎರಡು ಮಾತು: ‘ನಕಾಶೆ ಕಂಡ ದಾರಿ’ ಮತ್ತು ‘ರೂಢಿ ದಾರಿ’. ಮೊದಲನೆಯದು ಗ್ರಾಮ ನಕಾಶೆಯಲ್ಲಿ ಗೆರೆ ಇರುವಂಥದ್ದು, ಯಾರೂ ಮುಚ್ಚುವಂತಿಲ್ಲ. ಎರಡನೆಯದು ಪಕ್ಕದವರ ಮನಸ್ಸು ಚೆನ್ನಾಗಿರುವ ತನಕ.

ಕಡಲಿಲ್ಲದ ದೇಶದ ಪಾಡು ಪೂರ್ತಿ ಇದೇ. ಅದೇ 1982ರ ಒಪ್ಪಂದದ 125ನೇ ವಿಧಿ ಇಂಥ ದೇಶಗಳಿಗೆ ಕಡಲಿನವರೆಗೆ ಹೋಗಿಬರುವ ಹಕ್ಕು ಕೊಡುತ್ತದೆ. ಅದರ ಕೆಳಗೇ, ಹೇಗೆ ಏನು ಅನ್ನೋದನ್ನು ದಾರಿ ಕೊಡುವ ದೇಶದ ಜೊತೆ ಮಾತಾಡಿಕೊಳ್ಳಿ ಅಂತಲೂ ಇದೆ. ಹಕ್ಕು ನಕಾಶೆಯಲ್ಲಿ, ನಡೆಯುವುದು ರೂಢಿಯ ಮೇಲೆ. ಕೊರತೆ ನೀರಿನದಲ್ಲ, ದಾರಿಯದು. ಹಾಗಾಗಿ ನನ್ನ ಒಲವು ‘ಕಡಲದಾರಿ ಇಲ್ಲದ ನಾಡು’ ಕಡೆಗೆ. ಸ್ವಲ್ಪ ಉದ್ದ, ಒಪ್ಪುತ್ತೇನೆ. ಆದರೆ ಅವಾಜಾದ ತಕರಾರು ಇದಕ್ಕೆ ತಗಲುವುದಿಲ್ಲ. ‘ಟ್ರಾನ್ಸಿಟ್ ಹಕ್ಕು’ ಅನ್ನೋದಕ್ಕೂ ‘ದಾರಿ ಹಕ್ಕು’ ಅಂತಲೇ ಬರೆಯಬಹುದು. ರೈತರ ಮನೆಯ ಹುಡುಗನಿಗೆ ವಿವರಣೆಯೇ ಬೇಡ.

ಉಜ್ಬೇಕಿಸ್ತಾನದ ಕಥೆ ಇನ್ನೂ ಕಷ್ಟ. ಅದರ ಸುತ್ತ ಇರುವ ದೇಶಗಳಿಗೂ ಕಡಲದಾರಿ ಇಲ್ಲ. ಕನಿಷ್ಠ ಎರಡು ಗಡಿ ದಾಟಬೇಕು. ಪ್ರಪಂಚದಲ್ಲಿ ಇಂಥವು ಎರಡೇ ದೇಶ, ಇನ್ನೊಂದು ಯುರೋಪಿನ ಪುಟಾಣಿ ಲಿಖ್ಟನ್‌ಸ್ಟೈನ್. ಇಂಗ್ಲಿಷಿನಲ್ಲಿ ‘ಡಬ್ಲಿ ಲ್ಯಾಂಡ್‌ಲಾಕ್ಡ್’ ಅಂತಾರೆ. ‘ಡಬ್ಲಿ’ಗೆ ‘ಇಮ್ಮಡಿ’ ಅಂತ ಹಾಕಿದೆ, ಪುಲಿಕೇಶಿ ಎದ್ದು ಬಂದ. ಏಳು ಸುತ್ತಿನ ಕೋಟೆ ಅನ್ನುತ್ತೇವಲ್ಲ, ಆ ಜಾಡಿನಲ್ಲಿ ‘ಎರಡು ಸುತ್ತು ನೆಲದ ನಾಡು’ ಅಂದರೆ ಹೇಗೆ?

ಈಗ ನಿಜವಾದ ಕಗ್ಗಂಟು. ‘ಪ್ರಾದೇಶಿಕ ಆರ್ಥಿಕ ಸಹಕಾರ’. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಬೆಂಬಲದಲ್ಲಿ ಆ ಭಾಗದಲ್ಲಿ ನಡೆಯುವ ಕಾರ್ಯಕ್ರಮದ ಹೆಸರಿನಲ್ಲೇ ಈ ಮೂರೂ ಪದ ಇವೆ, ಬಿಡುವಂತಿಲ್ಲ. ಆದರೆ ‘ಸಹಕಾರ’ ಅಂದ ಕೂಡಲೇ ನಮಗೆ ಹಾಲಿನ ಡೈರಿ, ಸೊಸೈಟಿ ಸಾಲ, ಷೇರುದಾರರ ಸಭೆ. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಂಘ ಶುರುವಾದಾಗಿಂದ ಆ ಪದಕ್ಕೆ ಆ ವಾಸನೆ ಅಂಟಿದೆ. ನನ್ನ ಹೆಂಡತಿ ಕರಡು ನೋಡಿ, ‘ಕೊನೆಗೆ ನಿಯಮಿತ ಅಂತ ಸೇರಿಸಿಬಿಡಿ, ಬೋರ್ಡು ಬರೆಸಬಹುದು’ ಅಂದಳು.

ಹೆಸರಿಗೆ ಅದೇ ಇರಲಿ. ಒಳಗೆ ನಡೆಯುವ ಕೆಲಸಕ್ಕೆ ನನಗೆ ‘ಮುಯ್ಯಿ’ ಬೇಕು. ಕಾರಣ ಹೇಳುತ್ತೇನೆ.

ನೀರು ಹುಟ್ಟುವುದು ಮೇಲಿನ ಗುಡ್ಡದ ದೇಶಗಳಲ್ಲಿ, ಕಿರ್ಗಿಸ್ತಾನ ಮತ್ತು ತಜಿಕಿಸ್ತಾನದಲ್ಲಿ. ಹತ್ತಿ, ಗೋಧಿ ಬೆಳೆಯುವುದು ಕೆಳಗಿನ ಬಯಲಿನಲ್ಲಿ. ಕೆಳಗಿನವರಿಗೆ ನೀರು ಬೇಕಾದದ್ದು ಬೇಸಿಗೆಯಲ್ಲಿ. ಮೇಲಿನವರು ನೀರು ಬಿಡಬೇಕೆನ್ನುವುದು ಚಳಿಗಾಲದಲ್ಲಿ, ಮನೆ ಬಿಸಿ ಮಾಡಲು ಕರೆಂಟಿಗಾಗಿ. ಕಿರ್ಗಿಸ್ತಾನದ ತೊಕ್ತೊಗುಲ್ ಜಲಾಶಯ ಸುಮಾರು 1,950 ಕೋಟಿ ಘನ ಮೀಟರ್ ನೀರು ಹಿಡಿಯುತ್ತದೆ. ನಮ್ಮ ಲೆಕ್ಕದಲ್ಲಿ 690 ಟಿಎಂಸಿ ಹತ್ತಿರ, ಅಂದರೆ ಐದೂವರೆ ಆಲಮಟ್ಟಿ. ಸೋವಿಯತ್ ಕಾಲದಲ್ಲಿ ಲೆಕ್ಕ ಹೀಗಿತ್ತು: ಮೇಲಿನವರು ಬೇಸಿಗೆಯವರೆಗೆ ನೀರು ಹಿಡಿದಿಡಬೇಕು, ಕೆಳಗಿನವರು ಚಳಿಗಾಲಕ್ಕೆ ಕಲ್ಲಿದ್ದಲು, ಗ್ಯಾಸು ಕಳಿಸಬೇಕು. ಇದು ಅಪ್ಪಟ ಮುಯ್ಯಿ. ಇವತ್ತು ನಾನು ನಿನ್ನ ಗದ್ದೆಗೆ ನಾಟಿಗೆ ಬಂದರೆ ನಾಳೆ ನೀನು ನನ್ನ ಗದ್ದೆಗೆ, ಮುಯ್ಯಾಳು ಲೆಕ್ಕ.

1991ರಲ್ಲಿ ಒಕ್ಕೂಟ ಒಡೆಯಿತು. ಕೆಳಗಿನವರು ಗ್ಯಾಸಿಗೆ ದುಡ್ಡು ಕೇಳಿದರು. ದುಡ್ಡು ಇಲ್ಲದ ಮೇಲಿನವರು ಚಳಿಗಾಲದಲ್ಲೇ ನೀರು ಬಿಟ್ಟು ಕರೆಂಟು ತೆಗೆದರು. ಕೆಳಗೆ ಚಳಿಗಾಲದಲ್ಲಿ ಪ್ರವಾಹ, ಬೇಸಿಗೆಯಲ್ಲಿ ಬರ. ಇಲ್ಲಿ ನಮ್ಮ ‘ನೆರೆ’ ಕೈಕೊಟ್ಟಿತು ನೋಡಿ. ‘ನೆರೆಯ ದೇಶದಿಂದ ನೆರೆ ಬಂತು’ ಅಂತ ಬರೆದು ಅಳಿಸಿದೆ. 1998ರಲ್ಲಿ ಸಿರ್ ದರಿಯಾ ನೀರಿಗೆ ಬದಲಾಗಿ ಇಂಧನ ಕೊಡುವ ಹಳೇ ಪದ್ಧತಿಯನ್ನು ಒಪ್ಪಂದದ ಮೂಲಕ ಮತ್ತೆ ತಂದರು, ಹೆಚ್ಚು ವರ್ಷ ಬಾಳಲಿಲ್ಲ. ಮುಯ್ಯಿ ಅಂದರೆ ಕೊಟ್ಟು ತಗೊಳ್ಳೋದೂ ಹೌದು, ಸೇಡು ತೀರಿಸೋದೂ ಹೌದು. ಆ ನದಿಯ ಮೇಲೆ ಎರಡೂ ಅರ್ಥ ನಡೆದುಹೋಗಿವೆ. ಇಷ್ಟು ಸರಿಯಾಗಿ ಕೂರುವ ಪದ ಬಿಟ್ಟು ‘ಪರಸ್ಪರ ವಿನಿಮಯ ವ್ಯವಸ್ಥೆ’ ಅಂತ ಯಾಕೆ ಬರೆಯಬೇಕು?

ಈಚೆಗೆ ಗಾಳಿ ಬದಲಾಗಿದೆ. 2017ರಲ್ಲಿ ತಾಷ್ಕೆಂಟ್ ಮತ್ತು ತಜಿಕಿಸ್ತಾನದ ರಾಜಧಾನಿ ದುಶಾಂಬೆ ನಡುವೆ 25 ವರ್ಷದ ಮೇಲೆ ವಿಮಾನ ಹಾರಿತು. 2018ರಿಂದ ಆ ದೇಶಗಳ ನಾಯಕರು ತಾವೇ ಕೂತು ಮಾತಾಡುತ್ತಿದ್ದಾರೆ. 2025ರ ಮಾರ್ಚಿನಲ್ಲಿ ಕಿರ್ಗಿಸ್ತಾನ ಮತ್ತು ತಜಿಕಿಸ್ತಾನ ಗಡಿ ಒಪ್ಪಂದಕ್ಕೆ ಸಹಿ ಹಾಕಿದವು. 2021 ಮತ್ತು 2022ರಲ್ಲಿ ಇದೇ ಗಡಿಯಲ್ಲಿ ಗುಂಡು ಹಾರಿ ಜನ ಸತ್ತಿದ್ದರು. ಮೇಲಿನವರು, ಕೆಳಗಿನವರು ಅನ್ನೋದಕ್ಕೆ ನಾನು ‘ಮೇಲ್ದಂಡೆ, ಕೆಳದಂಡೆ’ ಬಳಸಿದ್ದೇನೆ. ಕೃಷ್ಣಾ ಮೇಲ್ದಂಡೆ, ಭದ್ರಾ ಮೇಲ್ದಂಡೆ ಕೇಳಿದ ಕಿವಿಗೆ ಹೊಸದಲ್ಲ.

‘ಸಸ್ಟೇನಬಲ್’ಗೆ ‘ಸುಸ್ಥಿರ’ ಇದೆ, ಚರ್ಚೆ ಬೇಡ. ಆದರೆ ಯಂತ್ರ ಅನುವಾದದಿಂದ ‘ಸಮರ್ಥನೀಯ ಅಭಿವೃದ್ಧಿ’ ಅಂತ ಎಲ್ಲ ಕಡೆ ನುಸುಳುತ್ತಿದೆ. ಸಮರ್ಥನೀಯ ಅಂದರೆ ಸಮರ್ಥಿಸಿಕೊಳ್ಳಬಹುದಾದದ್ದು. ಅಮು, ಸಿರ್ ನದಿಗಳ ನೀರನ್ನು ಹೊಲಗಳಿಗೆ ತಿರುಗಿಸಿ ಅರಲ್ ಸಮುದ್ರವನ್ನು ಬತ್ತಿಸಿದವರೂ ಹತ್ತಿ ಲೆಕ್ಕ ತೋರಿಸಿ ಅದನ್ನು ಸಮರ್ಥಿಸಿಕೊಂಡಿದ್ದರು! 1960ರಲ್ಲಿ ಪ್ರಪಂಚದ ನಾಲ್ಕನೇ ದೊಡ್ಡ ಸರೋವರ ಅದು. ಇವತ್ತು ಅದರ ದಂಡೆಯಲ್ಲಿದ್ದ ಮೊಯ್ನಾಕ್ ಊರಿನ ಹತ್ತಿರ ಮೀನುದೋಣಿಗಳು ತುಕ್ಕು ಹಿಡಿದು ಮರಳಿನ ಮೇಲೆ ಕೂತಿವೆ. ದಯವಿಟ್ಟು ಆ ಪದ ಕಂಡಲ್ಲಿ ತಿದ್ದಿ.

‘ಡ್ರೈ ಪೋರ್ಟ್’ ಇನ್ನೊಂದು, ಅಂದರೆ ಕಡಲಿನಿಂದ ದೂರ, ಒಳನಾಡಿನಲ್ಲಿ ಕಂಟೇನರ್ ಇಳಿಸಿ ಏರಿಸುವ ಜಾಗ. ಕಜಕಸ್ತಾನ–ಚೀನಾ ಗಡಿಯ ಖೋರ್ಗೋಸ್‌ನಲ್ಲಿ ದೊಡ್ಡದಿದೆ. ಚೀನಾದ ಹಳಿ ಅಗಲ 1,435 ಮಿಲಿಮೀಟರ್, ಈ ಕಡೆಯದು 1,520. ಒಂದು ಗೇಣಿಗಿಂತಲೂ ಕಡಿಮೆ ವ್ಯತ್ಯಾಸಕ್ಕೆ ಪ್ರತಿ ಕಂಟೇನರನ್ನೂ ಕ್ರೇನ್ ಎತ್ತಿ ಪಕ್ಕದ ರೈಲಿಗೆ ಇಡಬೇಕು. ‘ಒಣ ಬಂದರು’ ಅಂದರೆ ನೀರು ಬತ್ತಿದ ಬಂದರು ಅನಿಸುತ್ತದೆ. ನಮ್ಮ ವೈಟ್‌ಫೀಲ್ಡಿನಲ್ಲೂ ಇಂಥದ್ದೇ ಇದೆ, ಲಾರಿಯವರು ಐಸಿಡಿ (ಇನ್‌ಲ್ಯಾಂಡ್ ಕಂಟೇನರ್ ಡಿಪೋ) ಅಂತಾರೆ. ‘ನೆಲಬಂದರು’ ಹೇಗೆ?

ಹೇಳಲು ಮರೆತೆ. ನದಿ ನೀರಿನ ಬಗ್ಗೆ ಈ ಐದೂ ದೇಶಗಳು 1992ರಲ್ಲಿ ಮಾಡಿಕೊಂಡ ಒಪ್ಪಂದ ಆದದ್ದು ಕಜಕಸ್ತಾನದ ಅಲ್ಮಾಟಿಯಲ್ಲಿ. ನನ್ನ ಕಂಪ್ಯೂಟರಿನ ಕಾಗುಣಿತ ತಿದ್ದುವವನು ಅದನ್ನು ಪುಸ್ತಿಕೆ ತುಂಬಾ ‘ಆಲಮಟ್ಟಿ ಒಪ್ಪಂದ’ ಮಾಡಿಟ್ಟಿದ್ದ. ಎರಡು ಪುಟ ಓದುವ ತನಕ ನನಗೂ ಅನುಮಾನ ಬರಲಿಲ್ಲ.

ನನ್ನ ಪ್ರಶ್ನೆ ಇಷ್ಟು. ‘ಕಡಲದಾರಿ ಇಲ್ಲದ ನಾಡು’ ನಿಮ್ಮ ಕಿವಿಗೆ ಹೇಗಿದೆ? ಲಾವೋಸ್ ದೇಶದವರು ಚೀನಾದಿಂದ 2021ರಲ್ಲಿ ರೈಲು ಬಂದ ಮೇಲೆ ‘ನಾವು ನೆಲದಿಂದ ಮುಚ್ಚಿಹೋದವರಲ್ಲ, ನೆಲದಿಂದ ಬೆಸೆದವರು’ ಅಂತ ಹೇಳುವುದು ಜಾಸ್ತಿ ಆಗಿದೆ. ಅದಕ್ಕೆ ಕೂಡುರಸ್ತೆ ಮಾದರಿಯಲ್ಲಿ ‘ಕೂಡುನಾಡು’ ಅಂದರೆ ನಡೆಯುತ್ತದಾ? ಮತ್ತೆ, ನಾಲ್ಕೂ ಕಡೆ ಬೇರೆಯವರ ಜಮೀನಿರುವ, ದಾರಿ ಇಲ್ಲದ ಹೊಲಕ್ಕೆ ನಿಮ್ಮೂರಲ್ಲಿ ಒಂದೇ ಪದ ಏನಾದರೂ ಇದೆಯಾ? ಕರಾವಳಿ, ಮಲೆನಾಡಿನವರು, ಬೀದರ್–ಕಲಬುರಗಿ ಕಡೆಯವರು ಮನೆಯಲ್ಲಿ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಸಿಕ್ಕರೆ ಮೇಲಿನದೆಲ್ಲ ಹೊಡೆದುಹಾಕಿ ಅದನ್ನೇ ಹಾಕುತ್ತೇನೆ. ಮುಂದಿನ ಸೋಮವಾರ ಕರಡು ಕೊಡಬೇಕು.